ಹೋಲಿಸಲು ಯಾರೂ ಇಲ್ಲವೆಂಬ ವಾದ

2011ರ ಮಾರ್ಚ್‌ನಲ್ಲಿ ಕೆನಡಾದ ಮಾನವ ಹಕ್ಕುಗಳ ನ್ಯಾಯಮಂಡಳಿ ಒಂದು ದೂರನ್ನು ಪೂರ್ತಿ ವಿಚಾರಣೆ ನಡೆಸುವ ಮೊದಲೇ ವಜಾ ಮಾಡಿತು. ದೂರು ಕೊಟ್ಟವರು ಮೂಲನಿವಾಸಿ ಮಕ್ಕಳ ಪರವಾಗಿ ಕೆಲಸ ಮಾಡುವ ಕೇರಿಂಗ್ ಸೊಸೈಟಿ ಮತ್ತು ಅಸೆಂಬ್ಲಿ ಆಫ್ ಫಸ್ಟ್ ನೇಷನ್ಸ್. ರಿಸರ್ವ್‌ಗಳಲ್ಲಿ, ಅಂದರೆ ಮೂಲನಿವಾಸಿಗಳಿಗೆಂದು ಸರ್ಕಾರ ಗೊತ್ತುಪಡಿಸಿದ ನೆಲದಲ್ಲಿ, ಬೆಳೆಯುವ ಮಕ್ಕಳ ಕಲ್ಯಾಣಕ್ಕೆ ಸಿಗುವ ಹಣ ದೇಶದ ಉಳಿದ ಮಕ್ಕಳಿಗೆ ಸಿಗುವುದಕ್ಕಿಂತ ಕಡಿಮೆ, ಇದು ಜನಾಂಗೀಯ ತಾರತಮ್ಯ ಎಂದು ಅವರು 2007ರಲ್ಲೇ ದೂರಿದ್ದರು. ಮಂಡಳಿ ಹಣ ಕಡಿಮೆಯಿಲ್ಲ ಎಂದೇನೂ ಹೇಳಲಿಲ್ಲ. ಹೋಲಿಕೆಯೇ ಸಾಧ್ಯವಿಲ್ಲ ಎಂದಿತು. ರಿಸರ್ವ್‌ನ ಮಕ್ಕಳಿಗೆ ಹಣ ಕೊಡುವುದು ಫೆಡರಲ್ ಸರ್ಕಾರ, ಉಳಿದವರಿಗೆ ಕೊಡುವುದು ಆಯಾ ಪ್ರಾಂತ್ಯದ ಸರ್ಕಾರ. ಕೊಡುವ ಕೈಗಳೇ ಬೇರೆಯಾದ ಮೇಲೆ ಒಬ್ಬರ ಪಾಲನ್ನು ಇನ್ನೊಬ್ಬರ ಪಾಲಿನ ಪಕ್ಕದಲ್ಲಿಟ್ಟು ಅಳೆಯುವುದು ಹೇಗೆ ಎಂಬುದು ಅದರ ತರ್ಕ.

ಮೇಲುನೋಟಕ್ಕೆ ಇದು ಕಾನೂನಿನ ಸೂಕ್ಷ್ಮದಂತೆ ಕಾಣುತ್ತದೆ. ಸ್ವಲ್ಪ ಬಿಡಿಸಿ ನೋಡಿದರೆ ಒಳಗಿನ ಜಾಣತನ ಹೊರಬೀಳುತ್ತದೆ. ಮೊದಲು ಒಂದು ಜನಸಮುದಾಯವನ್ನು ಬೇರೆ ಕಾಯಿದೆಯ ಕೆಳಗೆ, ಬೇರೆ ನೆಲದಲ್ಲಿ, ಬೇರೆ ಲೆಕ್ಕದ ಪುಸ್ತಕದಲ್ಲಿ ಇಡುವುದು. ಆಮೇಲೆ ಅವರು ಬಂದು ನಮಗೆ ಕಡಿಮೆಯಾಯಿತು ಎಂದರೆ, ಯಾರಿಗಿಂತ ಎಂದು ಕೇಳುವುದು. ನಿಮ್ಮಂಥವರು ಬೇರೆ ಯಾರೂ ಇಲ್ಲವಲ್ಲ, ಹಾಗಿರುವಾಗ ತಾರತಮ್ಯ ಎಲ್ಲಿಂದ ಬಂತು? ವ್ಯವಸ್ಥೆಯೊಳಗೆ ಬೇರುಬಿಟ್ಟ ತಾರತಮ್ಯದ ವಿರುದ್ಧ ನಡೆಯುವ ಕಾನೂನು ಹೋರಾಟದ ತಿರುಳು ನನ್ನ ಮಟ್ಟಿಗೆ ಇರುವುದು ಇಲ್ಲೇ. ಇಂಥ ಮೊಕದ್ದಮೆಗಳಲ್ಲಿ ಬೈದವರು, ಹೊಡೆದವರು ಯಾರೂ ಸಿಗುವುದಿಲ್ಲ. ಸಿಗುವುದು ಕಡತ, ಸುತ್ತೋಲೆ, ಸೂತ್ರ. ಯಾರ ಪಕ್ಕದಲ್ಲಿ ಯಾರನ್ನು ನಿಲ್ಲಿಸಿ ನೋಡಬೇಕು ಎಂದು ತೀರ್ಮಾನಿಸುವ ಅಧಿಕಾರವನ್ನು ಸರ್ಕಾರದ ಕೈಯಿಂದ ಕಿತ್ತುಕೊಳ್ಳುವುದೇ ಅಲ್ಲಿ ವಕೀಲರು ಮಾಡಬೇಕಾದ ಮೊದಲ ಕೆಲಸ.

ಹೋಲಿಕೆಗೆ ಸರ್ಕಾರ ಹೆದರುವುದಕ್ಕೆ ಕಾರಣವಿದೆ. ಕೆನಡಾದಲ್ಲಿ ಆ ಕಾರಣ ನೂರು ವರ್ಷಕ್ಕಿಂತ ಹಳೆಯದು. ಪೀಟರ್ ಬ್ರೈಸ್ ಎಂಬ ಸರ್ಕಾರಿ ವೈದ್ಯಾಧಿಕಾರಿ 1907ರಲ್ಲೇ ಮೂಲನಿವಾಸಿ ಮಕ್ಕಳ ವಸತಿಶಾಲೆಗಳಲ್ಲಿ ಕ್ಷಯರೋಗ ಹಬ್ಬಿ ಮಕ್ಕಳು ಸಾಯುತ್ತಿರುವುದನ್ನು ವರದಿ ಮಾಡಿದ್ದರು. ಇಲಾಖೆ ಕಿವಿಗೊಡಲಿಲ್ಲ. ಕೆಲಸದಿಂದ ಹೊರಬಿದ್ದ ಮೇಲೆ, 1922ರಲ್ಲಿ, ಅವರೊಂದು ಕಿರುಪುಸ್ತಕ ಅಚ್ಚು ಹಾಕಿಸಿದರು. ಅದರಲ್ಲಿ ಒಂದು ಸರಳ ಲೆಕ್ಕವಿದೆ. ದೇಶದಾದ್ಯಂತ ಹರಡಿದ್ದ 1,05,000 ಮೂಲನಿವಾಸಿಗಳ ಕ್ಷಯ ನಿಯಂತ್ರಣಕ್ಕೆ ಸರ್ಕಾರ ವರ್ಷಕ್ಕೆ ತೆಗೆದಿಟ್ಟ ಹಣ 10,000 ಡಾಲರ್. ಹೆಚ್ಚುಕಡಿಮೆ ಅಷ್ಟೇ ಜನರಿದ್ದ ಒಟ್ಟಾವ ನಗರವೊಂದೇ 1919ರಲ್ಲಿ ಕ್ಷಯರೋಗಿಗಳಿಗಾಗಿ ಖರ್ಚು ಮಾಡಿದ್ದು 33,000 ಡಾಲರಿಗೂ ಹೆಚ್ಚು. ಬ್ರೈಸ್ ಭಾಷಣ ಮಾಡಲಿಲ್ಲ, ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರು. ಮಂಡಳಿ 2011ರಲ್ಲಿ ಸಾಧ್ಯವಿಲ್ಲ ಎಂದದ್ದನ್ನು ಒಬ್ಬ ಡಾಕ್ಟರು ಎಂಬತ್ತೊಂಬತ್ತು ವರ್ಷ ಮೊದಲೇ ಮಾಡಿ ತೋರಿಸಿದ್ದರು.

ಅಂಥ ಅಂಕಿಗಳನ್ನು ಹಿಡಿದು ಕೋರ್ಟಿಗೆ ಹೋಗಬಹುದಿತ್ತಲ್ಲ ಎಂದರೆ, ಆ ಬಾಗಿಲನ್ನೂ ಮುಚ್ಚಲಾಯಿತು. ಮೂಲನಿವಾಸಿಗಳನ್ನು ಆಳಲೆಂದೇ ಮಾಡಿದ 1876ರ ಇಂಡಿಯನ್ ಕಾಯಿದೆಗೆ 1927ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಮೂಲನಿವಾಸಿಗಳ ಹಕ್ಕಿನ ದಾವೆಗಾಗಿ ಇಲಾಖೆಯ ಅನುಮತಿಯಿಲ್ಲದೆ ಹಣ ಸಂಗ್ರಹಿಸುವುದೇ ಅಪರಾಧವಾಯಿತು. ಅಂದರೆ ವಕೀಲರಿಗೆ ಫೀಸು ಕೊಡಲು ಊರವರಿಂದ ವಂತಿಗೆ ಎತ್ತಿದರೂ ಶಿಕ್ಷೆ. ಇದು 1951ರವರೆಗೆ ಜಾರಿಯಲ್ಲಿತ್ತು. ತಮ್ಮ ಕಾನೂನು ಮಾನ್ಯತೆಯನ್ನು ಬಿಟ್ಟುಕೊಡದೆ ಫೆಡರಲ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಅವರಿಗೆ ಸಿಕ್ಕಿದ್ದು 1960ರಲ್ಲಿ. 1977ರಲ್ಲಿ ಮಾನವ ಹಕ್ಕುಗಳ ಕಾಯಿದೆ ಬಂದಾಗ ಅದರ 67ನೇ ಕಲಮು ಇಂಡಿಯನ್ ಕಾಯಿದೆಯ ಅಡಿಯಲ್ಲಿ ನಡೆಯುವುದಕ್ಕೆ ಈ ಕಾಯಿದೆ ಅನ್ವಯಿಸದು ಎಂದಿತು. ಆ ಕಲಮು ಹೋದದ್ದು 2008ರಲ್ಲಿ. ಮಾನವ ಹಕ್ಕುಗಳಿಗೆ ಜಗತ್ತಿನಲ್ಲೇ ಹೆಸರಾದ ದೇಶವೊಂದು ತನ್ನ ಮೊದಲ ನಿವಾಸಿಗಳ ವಿಷಯದಲ್ಲಿ ಮೂವತ್ತು ವರ್ಷ ಇಂಥದೊಂದು ವಿನಾಯಿತಿಯನ್ನು ಇಟ್ಟುಕೊಂಡಿತ್ತು ಎನ್ನುವುದನ್ನು ನಾವು ಮರೆಯಬಾರದು. ಆ ದೇಶವನ್ನು ಹೀಗಳೆಯಲು ಹೇಳುತ್ತಿಲ್ಲ. ಒಳ್ಳೆಯ ಕಾಯಿದೆಯಲ್ಲೂ ಇಂಥ ಕಿಂಡಿಗಳಿರುತ್ತವೆ, ಹುಡುಕುವವರು ಬೇಕು.

2007ರ ದೂರಿನ ಒಳಗಿದ್ದ ಲೆಕ್ಕ ಹೆಚ್ಚು ಜಟಿಲ, ಆದ್ದರಿಂದಲೇ ಹೆಚ್ಚು ಕ್ರೂರ. ಇಲಾಖೆಯೇ ಪಾಲುಗೊಂಡು 2000ದಲ್ಲಿ ಮುಗಿಸಿದ ಜಂಟಿ ಪರಿಶೀಲನೆಯೊಂದು, ರಿಸರ್ವ್‌ಗಳ ಮಕ್ಕಳ ಕಲ್ಯಾಣಕ್ಕೆ ತಲಾ ಶೇ. 22ರಷ್ಟು ಕಡಿಮೆ ಹಣ ಸಿಗುತ್ತಿದೆ ಎಂದು ಕಂಡುಕೊಂಡಿತ್ತು. ಆದರೆ ಕೊರತೆಗಿಂತ ದೊಡ್ಡ ದೋಷ ಹಣ ಹಂಚುವ ಸೂತ್ರದಲ್ಲಿತ್ತು. ಸಮುದಾಯದ ನಿಜಸ್ಥಿತಿ ಏನೇ ಇರಲಿ, ನೂರಕ್ಕೆ ಆರು ಮಕ್ಕಳು ಸರ್ಕಾರದ ಪಾಲನೆಯಲ್ಲಿರುತ್ತಾರೆ ಎಂದು ಸೂತ್ರ ಊಹಿಸಿಕೊಂಡಿತ್ತು. ಬೆಲೆಯೇರಿಕೆಗೆ ತಕ್ಕಂತೆ ಅದನ್ನು ಪರಿಷ್ಕರಿಸುವುದು 1995ರಲ್ಲೇ ನಿಂತಿತ್ತು. ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳಲು ಬೇಕಾದ ಸಹಾಯಕ್ಕೆ, ಅಂದರೆ ತಾಯಿಯ ಕುಡಿತ ಬಿಡಿಸಲು, ತಂದೆಗೆ ಆಪ್ತಸಲಹೆ ಕೊಡಿಸಲು, ಸಂಸಾರ ಕುಸಿಯುವ ಮೊದಲು ಯಾರಾದರೂ ಬಂದು ಕೈ ಹಿಡಿಯಲು, ಸಿಗುತ್ತಿದ್ದುದು ಬಿಗಿಯಾದ, ಗೊತ್ತಾದ ಮೊತ್ತ. ಅದೇ ಮಗುವನ್ನು ಮನೆಯಿಂದ ತೆಗೆದು ದೂರದ ಪಟ್ಟಣದ ಸಾಕುಮನೆಗೆ ಹಾಕಿದರೆ ತಗಲುವ ವೆಚ್ಚವನ್ನು ಮಾತ್ರ ಇಲಾಖೆ ಪೂರ್ತಿ ತುಂಬಿಕೊಡುತ್ತಿತ್ತು.

ರಿಸರ್ವ್‌ನಲ್ಲಿ ಕೆಲಸ ಮಾಡುವ ಒಬ್ಬ ಸಮಾಜಕಾರ್ಯಕರ್ತೆಯ ಮೇಜಿನ ಮುಂದೆ ನಿಂತು ಇದನ್ನು ಯೋಚಿಸಿ. ಎರಡು ಕೋಣೆಯ ಮನೆಯಲ್ಲಿ ಹನ್ನೊಂದು ಜನ, ಗೋಡೆಗೆ ಬೂಷ್ಟು, ಮಗುವಿಗೆ ಕೆಮ್ಮು. ಮನೆ ರಿಪೇರಿಗೆ ಅವಳಲ್ಲಿ ದುಡ್ಡಿಲ್ಲ. ಅಜ್ಜಿಗೆ ಒಬ್ಬ ಸಹಾಯಕಿಯನ್ನು ಗೊತ್ತುಮಾಡಲು ದುಡ್ಡಿಲ್ಲ. ಮಗುವನ್ನು ಎತ್ತಿಕೊಂಡು ಹೋಗಲು ದುಡ್ಡಿದೆ. ಅವಳ ಮನಸ್ಸಿನಲ್ಲಿ ದ್ವೇಷವಿಲ್ಲ. ಬಹುಶಃ ಅವಳೂ ಅದೇ ಸಮುದಾಯದವಳು. ಆದರೂ ಸಂಜೆಯೊಳಗೆ ಮಗು ಕಾರಿನಲ್ಲಿರುತ್ತದೆ. 2016ರ ಜನಗಣತಿಯ ಪ್ರಕಾರ ಕೆನಡಾದ ಹದಿನಾಲ್ಕು ವರ್ಷದವರೆಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇ. 7.7, ಸಾಕುಮನೆಗಳಲ್ಲಿರುವ ಮಕ್ಕಳಲ್ಲಿ ಅವರು ಶೇ. 52.2. ಒಂದೂವರೆ ಲಕ್ಷ ಮಕ್ಕಳನ್ನು ಹೆತ್ತವರಿಂದ ಬೇರೆ ಮಾಡಿದ ವಸತಿಶಾಲೆಗಳಲ್ಲಿ ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ನಿಂತು ಅದಕ್ಕಾಗಿ ಕ್ಷಮೆ ಕೇಳಿದ್ದು 2008ರ ಜೂನ್‌ನಲ್ಲಿ. ಅದೇ ಹೊತ್ತಿಗೆ ಅದೇ ಸರ್ಕಾರದ ವಕೀಲರು ಈ ದೂರನ್ನು ವಿಚಾರಣೆಗೆ ಬಾರದಂತೆ ತಡೆಯುವ ಪ್ರಯತ್ನದಲ್ಲಿದ್ದರು.

ಇನ್ನೊಂದು ಮಗುವಿನ ಹೆಸರು ಈ ಪ್ರಕರಣದ ಭಾಗವೇ ಆಗಿಬಿಟ್ಟಿದೆ. ಮ್ಯಾನಿಟೋಬಾದ ನಾರ್ವೇ ಹೌಸ್ ಕ್ರೀ ಸಮುದಾಯದ ಜೋರ್ಡನ್ ರಿವರ್ ಆ್ಯಂಡರ್ಸನ್‌ಗೆ ಹುಟ್ಟುವಾಗಲೇ ಹಲವು ವೈದ್ಯಕೀಯ ತೊಂದರೆಗಳಿದ್ದವು. ಎರಡು ವರ್ಷ ತುಂಬುವ ಹೊತ್ತಿಗೆ ಮನೆಗೆ ಕಳಿಸಬಹುದು ಎಂದು ವೈದ್ಯರು ಹೇಳಿದರು. ಮನೆಯ ಆರೈಕೆಯ ಖರ್ಚು ಯಾರದ್ದು ಎಂದು ಫೆಡರಲ್ ಸರ್ಕಾರವೂ ಪ್ರಾಂತ್ಯ ಸರ್ಕಾರವೂ ವಾದಿಸುತ್ತ ಕೂತವು. ರಿಸರ್ವ್‌ನ ಮಗುವಲ್ಲದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. 2005ರ ಫೆಬ್ರವರಿಯಲ್ಲಿ, ಐದನೆಯ ವಯಸ್ಸಿನಲ್ಲಿ, ಒಂದು ದಿನವೂ ಮನೆಯಲ್ಲಿ ಬಾಳದೆ ಜೋರ್ಡನ್ ಆಸ್ಪತ್ರೆಯಲ್ಲೇ ತೀರಿಕೊಂಡ. ಮೊದಲು ಮಗುವಿಗೆ ಬೇಕಾದ್ದನ್ನು ಕೊಡಿ, ಲೆಕ್ಕದ ಜಗಳ ಆಮೇಲೆ ಮಾಡಿಕೊಳ್ಳಿ ಎಂಬ ನಿರ್ಣಯವನ್ನು 2007ರ ಡಿಸೆಂಬರ್‌ನಲ್ಲಿ ಸಂಸತ್ತು ಒಬ್ಬರ ವಿರೋಧವೂ ಇಲ್ಲದೆ ಅಂಗೀಕರಿಸಿತು. ಇಲಾಖೆ ಅದಕ್ಕೆ ಎಷ್ಟು ಇಕ್ಕಟ್ಟಾದ ಅರ್ಥ ಕೊಟ್ಟಿತೆಂದರೆ, ಮುಂದೆ ವರ್ಷಗಟ್ಟಲೆ ಆ ಅರ್ಥಕ್ಕೆ ಹೊಂದುವ ಮಗು ದೇಶದಲ್ಲಿ ಒಂದೂ ಸಿಗಲಿಲ್ಲ! ಪ್ರಕರಣಗಳೇ ಇಲ್ಲ, ಆದ್ದರಿಂದ ಸಮಸ್ಯೆಯೂ ಇಲ್ಲ.

ಮಂಡಳಿಯ ಆದೇಶವನ್ನು 2012ರ ಏಪ್ರಿಲ್‌ನಲ್ಲಿ ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಆ್ಯನ್ ಮ್ಯಾಕ್ಟಾವಿಶ್ ರದ್ದು ಮಾಡಿದರು. ಹೋಲಿಸಲು ಸರಿಸಮಾನ ಗುಂಪೊಂದು ಸಿಕ್ಕಿದರೆ ಮಾತ್ರ ತಾರತಮ್ಯ ಸಾಬೀತಾಗುತ್ತದೆ ಎಂದು ಕಾಯಿದೆಯಲ್ಲಿ ಎಲ್ಲೂ ಇಲ್ಲ ಎಂದರು. ಹಾಗೆ ಓದಿದರೆ ಮೂಲನಿವಾಸಿಗಳಿಗೆ ಮಾತ್ರ ಸಲ್ಲುವ ಯಾವ ಸೇವೆಯಲ್ಲೂ ಸರ್ಕಾರ ಏನು ಮಾಡಿದರೂ ಕೇಳುವಂತಿಲ್ಲ ಎಂದಾಗುತ್ತದೆ. ಮೇಲ್ಮನವಿಯಲ್ಲೂ ಈ ತೀರ್ಪು ನಿಂತಿತು. ಪ್ರಕರಣ ಮಂಡಳಿಗೆ ಮರಳಿ ಬಂತು. 2016ರ ಜನವರಿ 26ರಂದು ಮಂಡಳಿ ತಾರತಮ್ಯ ನಡೆದಿದೆ ಎಂದು ತೀರ್ಪು ಕೊಟ್ಟಿತು. ದೂರಿನಿಂದ ತೀರ್ಪಿಗೆ ಒಂಬತ್ತು ವರ್ಷ.

ಇದೇ ನ್ಯಾಯಮೂರ್ತಿಯ ಮುಂದೆ ಎರಡು ವರ್ಷದ ನಂತರ ಇನ್ನೊಂದು ಪ್ರಕರಣ ಬಂತು. ಈ ಸಲ ಕಟಕಟೆಯ ಈಚೆ ನಿಂತವರು ನಿರಾಶ್ರಿತರು. ಎರಡೂ ತೀರ್ಪುಗಳನ್ನು ಒಟ್ಟಿಗೆ ಓದುವವರು ಕಡಿಮೆ. ಓದಿದರೆ, ಒಂದು ದೇಶದ ಅತ್ಯಂತ ಹಳೆಯ ನಿವಾಸಿಗಳಿಗೂ ಅತ್ಯಂತ ಹೊಸಬರಿಗೂ ಸರ್ಕಾರ ಒಡ್ಡುವ ವಾದ ಎಷ್ಟು ಒಂದೇ ರೀತಿಯದು ಎಂಬುದು ಕಣ್ಣಿಗೆ ರಾಚುತ್ತದೆ.

ನಿರಾಶ್ರಿತರಿಗೆ ತಾತ್ಕಾಲಿಕ ಆರೋಗ್ಯ ಸೌಲಭ್ಯ ಕೊಡುವ ಯೋಜನೆ ಕೆನಡಾದಲ್ಲಿ 1957ರಿಂದ ಇತ್ತು. 2012ರಲ್ಲಿ ಸಂಸತ್ತಿನಲ್ಲಿ ಚರ್ಚೆಯಿಲ್ಲದೆ, ಸಂಪುಟದ ಒಂದು ಆಜ್ಞೆಯ ಮೂಲಕ, ಅದನ್ನು ಕತ್ತರಿಸಲಾಯಿತು. ಆಶ್ರಯ ಕೇಳಿ ಬಂದವರನ್ನು ತರಗತಿಗಳಾಗಿ ವಿಂಗಡಿಸಲಾಯಿತು. ಸರ್ಕಾರ ಸುರಕ್ಷಿತವೆಂದು ಪಟ್ಟಿ ಮಾಡಿದ ದೇಶಗಳಿಂದ ಬಂದವರು ಎಲ್ಲರಿಗಿಂತ ಕೆಳಗೆ. ಹಂಗೇರಿಯಿಂದ ಬಂದ ರೋಮಾ ಜನ, ಮೆಕ್ಸಿಕೋದಿಂದ ಬಂದವರು ಈ ತರಗತಿಗೆ ಬಿದ್ದರು. ಅವರಿಗೆ ಚಿಕಿತ್ಸೆ ಸಿಗುವುದು ರೋಗದಿಂದ ಇತರರಿಗೆ ಅಪಾಯವಿದ್ದರೆ ಮಾತ್ರ. ಕ್ಷಯವಾದರೆ ಔಷಧಿ ಉಂಟು, ಎದೆನೋವು ಬಂದರೆ ಇಲ್ಲ. ಗರ್ಭಿಣಿಗೆ ಹೆರಿಗೆಯ ಖರ್ಚಿಲ್ಲ, ಆದರೆ ಅವಳಿಗೆ ಅಂಟುರೋಗವಿದ್ದರೆ ಅದನ್ನು ನೋಡಿಕೊಳ್ಳಲಾಗುವುದು. ಬ್ರೈಸ್ ಕಾಲದಲ್ಲಿ ಮೂಲನಿವಾಸಿ ಮಗುವಿನ ಕ್ಷಯಕ್ಕೆ ದುಡ್ಡಿರಲಿಲ್ಲ. ಈಗ ನಿರಾಶ್ರಿತನ ಕ್ಷಯಕ್ಕೆ ದುಡ್ಡಿತ್ತು, ನಿರಾಶ್ರಿತನಿಗೆ ಇರಲಿಲ್ಲ. ಅವನ ದೇಹ ಪಕ್ಕದವನಿಗೆ ಸೋಂಕು ತರುವಷ್ಟರ ಮಟ್ಟಿಗೆ ಮಾತ್ರ ಸರ್ಕಾರಕ್ಕೆ ಸಂಬಂಧಪಟ್ಟದ್ದು. ನಾನು ಓದಿದ ಆರೋಗ್ಯ ನಿಯಮಗಳಲ್ಲಿ ಮನುಷ್ಯನನ್ನು ಇಷ್ಟು ನಿಷ್ಠುರವಾಗಿ ಎರಡು ಸೀಳಿ ಬರೆದದ್ದು ಇನ್ನೊಂದಿಲ್ಲ.

ಬಿಳಿ ಕೋಟು ತೊಟ್ಟ ಡಾಕ್ಟರುಗಳು ಬೀದಿಗಿಳಿದರು, ಮಂತ್ರಿಗಳ ಕಾರ್ಯಕ್ರಮಗಳಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದರು. ಆಮೇಲೆ ನಿರಾಶ್ರಿತರ ವಕೀಲರ ಸಂಘದ ಜೊತೆ ಸೇರಿ ಕೋರ್ಟಿಗೆ ಹೋದರು. ಅರ್ಜಿದಾರರಲ್ಲಿ ಇಬ್ಬರು ರೋಗಿಗಳಿದ್ದರು. ಅಫ್ಘಾನಿಸ್ತಾನದಿಂದ ಬಂದವನೊಬ್ಬನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಇಲ್ಲದೆ ಬದುಕು ಇಲ್ಲ. ಅವನ ಆಶ್ರಯದ ಅರ್ಜಿ ತಿರಸ್ಕಾರವಾಗಿತ್ತು, ಆದರೆ ಅವನ ದೇಶ ಅಪಾಯಕಾರಿ ಎಂದು ಕೆನಡಾವೇ ಅವನನ್ನು ಹಿಂದಕ್ಕೆ ಕಳಿಸುತ್ತಿರಲಿಲ್ಲ. ಕಳಿಸುವುದಿಲ್ಲ, ಔಷಧಿಯನ್ನೂ ಕೊಡುವುದಿಲ್ಲ. ಒಂದು ಆರೋಗ್ಯ ಕೇಂದ್ರ ಎಲ್ಲಿಂದಲೋ ಹೊಂದಿಸಿಕೊಟ್ಟ ಉಚಿತ ಸ್ಯಾಂಪಲ್‌ಗಳಲ್ಲಿ ಅವನ ದಿನ ಸಾಗುತ್ತಿತ್ತು. 2014ರ ಜುಲೈ 4ರ ತೀರ್ಪಿನಲ್ಲಿ ಮ್ಯಾಕ್ಟಾವಿಶ್ ಈ ಕಡಿತವನ್ನು ಕ್ರೂರ ಮತ್ತು ಅಸಾಮಾನ್ಯ ನಡವಳಿಕೆ ಎಂದು ಕರೆದು ಸಂವಿಧಾನಬಾಹಿರ ಎಂದು ಸಾರಿದರು. ಕೈದಿಗಳ ಶಿಕ್ಷೆಯ ಸಂದರ್ಭದಲ್ಲಿ ಸಾಮಾನ್ಯವಾಗಿ ಕೇಳಿಬರುವ ಕಲಮನ್ನು ಅವರು ಆರೋಗ್ಯ ಯೋಜನೆಗೆ ಅನ್ವಯಿಸಿದ್ದರು. ಸರ್ಕಾರ ಮೇಲ್ಮನವಿ ಹಾಕಿತು. 2015ರಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಮೇಲ್ಮನವಿಯನ್ನು ಹಿಂದಕ್ಕೆ ಪಡೆದು 2016ರ ಏಪ್ರಿಲ್‌ನಿಂದ ಸೌಲಭ್ಯವನ್ನು ಪೂರ್ತಿ ಮರಳಿಸಿತು.

ಈ ಗೆಲುವಿನೊಳಗೆ ಒಂದು ಸೋಲೂ ಇದೆ. ಹೊಗಳುವವರು ಅದನ್ನು ಬಿಟ್ಟುಬಿಡುತ್ತಾರೆ. ಪಟ್ಟಿಯ ದೇಶದವರು, ಪಟ್ಟಿಯಲ್ಲಿಲ್ಲದ ದೇಶದವರು ಎಂಬ ಭೇದ ರಾಷ್ಟ್ರಮೂಲದ ಆಧಾರದ ತಾರತಮ್ಯ ಎಂದು ಕೋರ್ಟು ಒಪ್ಪಿತು. ಆದರೆ ನಿರಾಶ್ರಿತರನ್ನು ದೇಶದ ಬಡ ನಾಗರಿಕರ ಪಕ್ಕದಲ್ಲಿಟ್ಟು ನೋಡಿ, ವಲಸೆಯ ಸ್ಥಿತಿಯೇ ತಾರತಮ್ಯದ ಆಧಾರ ಎಂದು ಗುರುತಿಸಿ ಎಂಬ ಬೇಡಿಕೆಯನ್ನು ಒಪ್ಪಲಿಲ್ಲ. ಮತ್ತೆ ಅದೇ ಪ್ರಶ್ನೆ: ಯಾರ ಪಕ್ಕದಲ್ಲಿ ಯಾರು? ಸಮಾನತೆಯ ಕಲಮಿನಿಂದ ದೊರೆಯದ್ದನ್ನು ವಕೀಲರು ಕ್ರೌರ್ಯದ ಕಲಮಿನಿಂದ ಪಡೆದರು. ಜಾಣ್ಮೆ ನಿಜ, ಆದರೆ ಇದಕ್ಕೆ ಬೆಲೆ ತೆರಬೇಕಾಗುತ್ತದೆ. ಕ್ರೌರ್ಯದ ಹೊಸ್ತಿಲು ದಾಟುವಷ್ಟು ಕೆಟ್ಟದ್ದಲ್ಲದ ಅನ್ಯಾಯಕ್ಕೆ ನಾಳೆ ಯಾವ ಕಲಮು?

ನಿರಾಶ್ರಿತರಿಗೆ ಕೋರ್ಟಿನ ಬಾಗಿಲು ತೆರೆದ ಪ್ರಕರಣದಲ್ಲಿ ನಮ್ಮವರ ಪಾಲಿದೆ ಎಂಬುದು ಇಲ್ಲಿ ಅಷ್ಟಾಗಿ ಗೊತ್ತಿಲ್ಲ. ಆಶ್ರಯದ ಅರ್ಜಿಯನ್ನು ಅಧಿಕಾರಿಗಳ ಮುಂದೆ ಹಾಜರಾಗಿ ಹೇಳಿಕೊಳ್ಳುವ ಅವಕಾಶವೇ ಇಲ್ಲದೆ ಕಡತ ನೋಡಿ ತಿರಸ್ಕರಿಸುವ ಪದ್ಧತಿಯನ್ನು ಏಳು ಜನ ಪ್ರಶ್ನಿಸಿದ್ದರು. ಹೆಚ್ಚಿನವರು ಭಾರತದಿಂದ ಹೋದ ಸಿಖ್ಖರು. ಸಿಂಗ್ ಪ್ರಕರಣವೆಂದೇ ಅದು ಹೆಸರಾಗಿದೆ. 1985ರ ಏಪ್ರಿಲ್ 4ರಂದು ಕೆನಡಾದ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಎಲ್ಲರಿಗೂ ಎಂದು ಸಂವಿಧಾನ ಹೇಳಿದ ಮೇಲೆ ಆ ನೆಲದಲ್ಲಿ ಕಾಲಿಟ್ಟು ನಿಂತ ಪ್ರತಿಯೊಬ್ಬರೂ ಅದರಲ್ಲಿ ಸೇರಿದ್ದಾರೆ ಎಂದು ನ್ಯಾಯಮೂರ್ತಿ ಬರ್ತಾ ವಿಲ್ಸನ್ ಬರೆದರು. ಇಂದಿಗೂ ಆ ದಿನವನ್ನು ಅಲ್ಲಿ ನಿರಾಶ್ರಿತರ ಹಕ್ಕಿನ ದಿನವಾಗಿ ಆಚರಿಸುತ್ತಾರೆ.

ಸರಿಯಾದ ಹೋಲಿಕೆಯನ್ನು ಕೋರ್ಟಿನಲ್ಲಿ ತಡೆಯುವವರು ತಪ್ಪು ಹೋಲಿಕೆಯನ್ನು ಬೀದಿಯಲ್ಲಿ ಧಾರಾಳವಾಗಿ ಹಂಚುತ್ತಾರೆ. ನಿರಾಶ್ರಿತರಿಗೆ ನಮ್ಮ ಪಿಂಚಣಿದಾರರಿಗಿಂತ ಹೆಚ್ಚು ಹಣ ಸಿಗುತ್ತದೆ ಎಂಬ ಸುಳ್ಳು ಇಮೇಲ್ ಕೆನಡಾದಲ್ಲಿ ಇಪ್ಪತ್ತು ವರ್ಷದಿಂದ ಸುತ್ತುತ್ತಿದೆ. ಆರೋಗ್ಯ ಸೌಲಭ್ಯ ಕತ್ತರಿಸುವಾಗ ಸರ್ಕಾರ ಮುಂದಿಟ್ಟ ಸಮರ್ಥನೆಯೂ ಇದೇ ಧಾಟಿಯದು: ತೆರಿಗೆ ಕಟ್ಟುವವರಿಗೇ ಇಲ್ಲದ್ದು ಇವರಿಗೇಕೆ? ನಿಜವಾಗಿ ನೋಡಿದರೆ ನಿರಾಶ್ರಿತರಿಗೆ ಸಿಗುತ್ತಿದ್ದುದು ಸರ್ಕಾರಿ ನೆರವಿನ ಮೇಲೆ ಬದುಕುವ ಬಡ ಕೆನಡಿಯನ್ನರಿಗೆ ಸಿಗುವಷ್ಟೇ. ಮೊದಲು ನಮ್ಮ ಮೂಲನಿವಾಸಿಗಳನ್ನು ನೋಡಿಕೊಳ್ಳಿ, ಆಮೇಲೆ ಹೊರಗಿನವರು ಎನ್ನುವ ಮಾತನ್ನು ಅಲ್ಲಿ ಆಗಾಗ ಕೇಳಬಹುದು. ಮೂಲನಿವಾಸಿಗಳಿಗೆ ನ್ಯಾಯ ಬೇಕು ಎಂದು ಉಳಿದ ಹೊತ್ತಿನಲ್ಲಿ ಒಂದು ಸಾಲೂ ಬರೆಯದವರು ಹೀಗೆ ಹೇಳುವುದೇ ಹೆಚ್ಚು.

ಈ ತಪ್ಪು ಹೋಲಿಕೆ ನಮಗೂ ಹೊಸದಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ಹೊತ್ತಿಗೆ ಮೈಸೂರು ರಾಜ್ಯ ಟಿಬೆಟಿಯನ್ ನಿರಾಶ್ರಿತರಿಗೆ ಸುಮಾರು 3,000 ಎಕರೆ ಬಿಟ್ಟುಕೊಟ್ಟಿತು. ಅಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ನಾಗರಹೊಳೆಯ ಕಾಡಿನಿಂದ ಜೇನುಕುರುಬರು, ಬೆಟ್ಟಕುರುಬರು, ಎರವರು ಮುಂದಿನ ದಶಕಗಳಲ್ಲಿ ಹೊರಬಿದ್ದರು. ಹೈಕೋರ್ಟ್ ನೇಮಿಸಿದ, ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ ಹೀಗೆ ಎತ್ತಂಗಡಿಯಾದ 3,418 ಕುಟುಂಬಗಳನ್ನು ಗುರುತಿಸಿತು. ಹುಣಸೂರಿನ ಕಡೆಯ ಚಹಾ ಅಂಗಡಿಗಳಲ್ಲಿ ಇವೆರಡನ್ನೂ ಒಟ್ಟಿಗೆ ಸೇರಿಸಿ ಮಾತಾಡುವುದುಂಟು: ಎಲ್ಲಿಂದಲೋ ಬಂದವರಿಗೆ ಜಮೀನು, ಇಲ್ಲೇ ಹುಟ್ಟಿದವರಿಗೆ ರಸ್ತೆಬದಿ. ಮಾತಿನಲ್ಲಿ ಸಂಕಟವಿದೆ, ಆದರೆ ಬೊಟ್ಟು ತಪ್ಪು ಕಡೆಗಿದೆ. ಜೇನುಕುರುಬರ ಹಾಡಿಯನ್ನು ಟಿಬೆಟಿಯನ್ನರು ಕಿತ್ತುಕೊಂಡಿಲ್ಲ. ಜೇನುಕುರುಬರ ಸ್ಥಿತಿಯನ್ನು ಪಕ್ಕದಲ್ಲಿಟ್ಟು ನೋಡಬೇಕಾದ್ದು 2006ರ ಅರಣ್ಯ ಹಕ್ಕು ಕಾಯಿದೆ ಕೊಟ್ಟ ಮಾತಿನೊಂದಿಗೆ. ಕಾಡಿನೊಳಗೇ ಎಸ್ಟೇಟು, ರೆಸಾರ್ಟು ಕಟ್ಟಿಕೊಳ್ಳಲು ಪ್ರಭಾವಿಗಳಿಗೆ ಸಿಕ್ಕ ಸಲುಗೆಯೊಂದಿಗೆ. ನಾಗರಹೊಳೆಯ ಆದಿವಾಸಿ ಸಂಘಟನೆ ಮಾಡಿದ್ದು ಆ ಎರಡನೆಯ ಹೋಲಿಕೆಯನ್ನೇ. ಕಾಡಿನೊಳಗೆ ತಲೆ ಎತ್ತುತ್ತಿದ್ದ ಐಷಾರಾಮಿ ಹೋಟೆಲೊಂದನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೆ ಹೋಗಿ 1997ರಲ್ಲಿ ಗೆದ್ದಿತು. ಸೌದೆ ಆಯುವವನಿಗೆ ದಂಡ, ಹೋಟೆಲಿಗೆ ಗುತ್ತಿಗೆ ಎಂಬುದನ್ನು ಅಕ್ಕಪಕ್ಕ ಇಟ್ಟರೆ ವಾದಕ್ಕೆ ಹೆಚ್ಚು ಮಾತು ಬೇಕಾಗುವುದಿಲ್ಲ.

ಆದರೆ ಆದಿವಾಸಿಯೂ ನಿರಾಶ್ರಿತನೂ ಯಾವಾಗಲೂ ಒಂದೇ ದೋಣಿಯಲ್ಲಿರುತ್ತಾರೆ ಎಂದು ಹೇಳಿ ಮುಗಿಸಿಬಿಡುವಂತಿಲ್ಲ. ಈಶಾನ್ಯದ ಚಕ್ಮಾ ಜನರ ಕಥೆ ಆ ಸುಲಭ ಮಾತಿಗೆ ಅಡ್ಡ ನಿಲ್ಲುತ್ತದೆ. ಚಕ್ಮಾಗಳು ಚಿತ್ತಗಾಂಗ್ ಬೆಟ್ಟಗಳ ಮೂಲನಿವಾಸಿಗಳು. 1960ರ ದಶಕದ ಮೊದಲಿಗೆ ಕರ್ಣಫುಲಿ ನದಿಗೆ ಕಟ್ಟಿದ ಕಪ್ತಾಯಿ ಅಣೆಕಟ್ಟು ಸುಮಾರು ಒಂದು ಲಕ್ಷ ಜನರ ನೆಲ ಮುಳುಗಿಸಿತು. ಹಲವರು 1964ರಿಂದ ಭಾರತಕ್ಕೆ ಬಂದರು. ಅವರನ್ನು ಈಗಿನ ಅರುಣಾಚಲ ಪ್ರದೇಶದಲ್ಲಿ ನೆಲೆಗೊಳಿಸಲಾಯಿತು. ಅಲ್ಲಿನ ಬುಡಕಟ್ಟುಗಳಿಗೆ ತಮ್ಮ ನೆಲ, ತಮ್ಮ ಸಂಖ್ಯೆಯ ಬಗ್ಗೆ ಇರುವ ಭಯ ಸುಳ್ಳಲ್ಲ. ಹೊರಗಿನವರು ಬಂದು ಕರಗಿಸಿಬಿಟ್ಟ ಆದಿವಾಸಿ ಸಮುದಾಯಗಳ ಉದಾಹರಣೆ ಅವರ ಸುತ್ತಲೇ ಇದೆ. ಚಕ್ಮಾಗಳು ತೊಲಗಬೇಕು ಎಂಬ ಗಡುವು, ಬೆದರಿಕೆ ಬಂದಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸುಪ್ರೀಂ ಕೋರ್ಟಿಗೆ ಹೋಯಿತು. ನಾಗರಿಕನಿರಲಿ ಇಲ್ಲದಿರಲಿ, ಪ್ರತಿಯೊಬ್ಬ ಮನುಷ್ಯನ ಜೀವ ಕಾಪಾಡುವುದು ರಾಜ್ಯದ ಹೊಣೆ ಎಂದು ಕೋರ್ಟು 1996ರ ಜನವರಿಯಲ್ಲಿ ಹೇಳಿತು. ಪೌರತ್ವದ ಅರ್ಜಿಗಳನ್ನು ಕೇಂದ್ರಕ್ಕೆ ಕಳಿಸದೆ ಸ್ಥಳೀಯ ಕಚೇರಿಯಲ್ಲೇ ಇಟ್ಟುಕೊಂಡದ್ದನ್ನು ತಪ್ಪು ಎಂದಿತು. ಪೌರತ್ವ ಕೊಡಿ ಎಂದು 2015ರಲ್ಲಿ ಇನ್ನೊಮ್ಮೆ ಹೇಳಬೇಕಾಯಿತು.

ನಮ್ಮ ಸಂವಿಧಾನದ 14 ಮತ್ತು 21ನೇ ವಿಧಿಗಳು ಯಾವುದೇ ವ್ಯಕ್ತಿಗೆ ಸಲ್ಲುತ್ತವೆ. ತಾರತಮ್ಯವನ್ನು ನೇರವಾಗಿ ನಿಷೇಧಿಸುವ 15ನೆಯದು ನಾಗರಿಕರಿಗೆ ಮಾತ್ರ. 14ನೇ ವಿಧಿಯಡಿ ನಮ್ಮ ಕೋರ್ಟುಗಳು ಬಳಸುವ ಅಳತೆಗೋಲು, ಸಮಂಜಸವಾದ ವರ್ಗೀಕರಣ ತಪ್ಪಲ್ಲ ಎಂಬುದು, 1950ರ ದಶಕದಿಂದ ಬಂದದ್ದು. ಸರ್ಕಾರ ಒಂದು ವರ್ಗವನ್ನು ಬೇರೆ ಮಾಡಿ, ಅದಕ್ಕೊಂದು ಕಾರಣ ಹೇಳಿದರೆ ಸಾಕು, ವಾದ ಅರ್ಧ ಗೆದ್ದಂತೆ. ಬೇರೆ ಮಾಡಿದ್ದು ಯಾರು, ಯಾವಾಗ, ಯಾರ ಅನುಕೂಲಕ್ಕೆ ಎಂದು ಹಿಂದಕ್ಕೆ ಹೋಗಿ ಕೇಳುವ ಅಭ್ಯಾಸ ನಮ್ಮ ನ್ಯಾಯಶಾಸ್ತ್ರಕ್ಕೆ ಇನ್ನೂ ಪೂರ್ತಿ ಹತ್ತಿಲ್ಲ ಎಂದು ನನಗನಿಸುತ್ತದೆ.

ಇದಕ್ಕೆಲ್ಲ ಒಂದು ಗಂಭೀರ ಆಕ್ಷೇಪವಿದೆ. ಹಣ ಹಂಚುವುದು ಚುನಾಯಿತ ಸರ್ಕಾರದ ಕೆಲಸ, ಜನ ಆರಿಸದ ನ್ಯಾಯಾಧೀಶರು ಬಜೆಟ್ ಬರೆಯಲು ಕೂತರೆ ಪ್ರಜಾಪ್ರಭುತ್ವ ಎಲ್ಲಿ ಉಳಿಯಿತು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಚುನಾವಣೆಯಿಂದ ಸರಿಯಾಗುವ ತಪ್ಪಿಗೆ ಚುನಾವಣೆ ಮದ್ದು. ನಿರಾಶ್ರಿತನಿಗೆ ಮತವಿಲ್ಲ. ರಿಸರ್ವ್‌ನಲ್ಲಿರುವವರಿಗೆ ಮತವಿದ್ದರೂ ಅದು ಯಾವ ಮಂತ್ರಿಯ ನಿದ್ದೆಯನ್ನೂ ಕೆಡಿಸುವಷ್ಟಿಲ್ಲ; ಐದು ವರ್ಷದ ಮಗುವಿಗೆ ಅದೂ ಇಲ್ಲ. ಜೋರ್ಡನ್ ಹೆಸರಿನ ನಿರ್ಣಯವನ್ನು ಚುನಾಯಿತ ಸಂಸತ್ತೇ ಒಮ್ಮತದಿಂದ ಮಾಡಿತ್ತು. ಅದನ್ನು ಖಾಲಿ ಮಾಡಿದ್ದು ಇಲಾಖೆ. ಅಲ್ಲಿ ಕೋರ್ಟು ಪ್ರಜಾಪ್ರಭುತ್ವದ ವಿರುದ್ಧ ನಿಲ್ಲಲಿಲ್ಲ, ಜನಪ್ರತಿನಿಧಿಗಳು ಆಡಿದ ಮಾತನ್ನು ಗುಮಾಸ್ತರಿಂದ ನಡೆಸಿಕೊಂಡಿತು.

ಕಾನೂನಿನ ದಾರಿಗೆ ತಗಲುವ ಬೆಲೆಯನ್ನೂ ಹೇಳಬೇಕು. ಕೇರಿಂಗ್ ಸೊಸೈಟಿಯ ಮುಖ್ಯಸ್ಥೆ, ಗಿಟ್‌ಕ್ಸಾನ್ ಸಮುದಾಯದ ಸಿಂಡಿ ಬ್ಲ್ಯಾಕ್‌ಸ್ಟಾಕ್ ದೂರು ಕೊಟ್ಟ ಮೇಲೆ ಸರ್ಕಾರದ ಎರಡು ಇಲಾಖೆಗಳು ಅವರ ವೈಯಕ್ತಿಕ ಫೇಸ್‌ಬುಕ್ ಪುಟವನ್ನು ಕದ್ದು ನೋಡಿ ಮಾಹಿತಿ ಕೂಡಿಡುತ್ತಿದ್ದವು ಎಂದು ಖಾಸಗಿತನ ಆಯುಕ್ತರೇ 2013ರಲ್ಲಿ ಕಂಡುಕೊಂಡರು. ಮಂತ್ರಿಯ ಕಚೇರಿಯಲ್ಲಿ ನಡೆದ ಸಭೆಯೊಂದಕ್ಕೆ ಉಳಿದವರನ್ನು ಒಳಬಿಟ್ಟು ಅವರೊಬ್ಬರನ್ನು ಹೊರಗೆ ನಿಲ್ಲಿಸಿದ್ದು ಸೇಡಿನ ಕ್ರಮ ಎಂದು ಮಂಡಳಿ 20,000 ಡಾಲರ್ ಪರಿಹಾರ ಕೊಡಿಸಿತು. ಅದೇ ವಿಚಾರಣೆಯ ಕೊಠಡಿಗೆ ಶಾಲೆಯ ಮಕ್ಕಳು ಸಾಲಾಗಿ ಬಂದು ಕೂತು ಕೇಳುತ್ತಿದ್ದರು. ಸ್ಪಿರಿಟ್ ಬೇರ್ ಎಂಬ ಹೆಸರಿನ ಗೊಂಬೆ ಕರಡಿಯೊಂದು ಕುರ್ಚಿಯ ಮೇಲೆ ಖಾಯಂ ಸಾಕ್ಷಿಯಾಗಿ ಕೂತಿರುತ್ತಿತ್ತು. ಇದನ್ನು ನಾಟಕ ಎಂದು ಮೂಗು ಮುರಿಯುವವರಿರಬಹುದು. ಮಕ್ಕಳ ಬಗ್ಗೆ ಒಂಬತ್ತು ವರ್ಷ ನಡೆದ ವಾದದಲ್ಲಿ ಮಕ್ಕಳು ಕಣ್ಣೆದುರಿಗಿರಲಿ ಎಂಬ ಯೋಚನೆ ಸರ್ಕಾರದ ಕಡೆಯ ಮೇಜಿನಲ್ಲಿ ಯಾರಿಗೂ ಹೊಳೆದಿರಲಿಲ್ಲ ಎಂಬುದು ಹೆಚ್ಚು ವಿಚಿತ್ರವಲ್ಲವೇ?

ತೀರ್ಪಿನ ನಂತರವೂ ಸರ್ಕಾರ ತಾನಾಗಿ ನಡೆಯಲಿಲ್ಲ. ಮಂಡಳಿ ಇಪ್ಪತ್ತಕ್ಕೂ ಹೆಚ್ಚು ಮುಂದಿನ ಆದೇಶಗಳನ್ನು ಹೊರಡಿಸಬೇಕಾಯಿತು. 2019ರಲ್ಲಿ ಅನ್ಯಾಯಕ್ಕೊಳಗಾದ ಪ್ರತಿ ಮಗುವಿಗೆ 40,000 ಡಾಲರ್ ಕೊಡಿ ಎಂದಾಗ ಸರ್ಕಾರ ಮತ್ತೆ ಕೋರ್ಟಿಗೆ ಹೋಗಿ 2021ರಲ್ಲಿ ಸೋತಿತು. ಕೊನೆಗೆ 2,300 ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರದ ಒಪ್ಪಂದಕ್ಕೆ 2023ರ ಅಕ್ಟೋಬರ್‌ನಲ್ಲಿ ಫೆಡರಲ್ ಕೋರ್ಟಿನ ಒಪ್ಪಿಗೆ ಬಿತ್ತು. ದೂರು ಕೊಟ್ಟ ವರ್ಷ ಮೊದಲನೇ ತರಗತಿಯಲ್ಲಿದ್ದವರು ಅಷ್ಟರಲ್ಲಿ ತಾವೇ ತಂದೆತಾಯಿಗಳಾಗುವ ವಯಸ್ಸಿಗೆ ಬಂದಿದ್ದರು.

2021ರ ಜೂನ್‌ನಿಂದ ಕೆನಡಾದ ಪೌರತ್ವದ ಪ್ರಮಾಣವಚನದಲ್ಲಿ ಮೂಲನಿವಾಸಿಗಳ ಹಕ್ಕು ಮತ್ತು ಒಪ್ಪಂದದ ಹಕ್ಕುಗಳ ಮಾತು ಸೇರಿದೆ. ಇದು ವಸತಿಶಾಲೆಗಳ ಇತಿಹಾಸವನ್ನು ಪರಿಶೀಲಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ ಕೇಳಿದ್ದ ಬದಲಾವಣೆ. ಟೊರಾಂಟೊದಲ್ಲೋ ಕ್ಯಾಲ್ಗರಿಯಲ್ಲೋ ನೆಲೆಸಿ ಪೌರತ್ವ ಪಡೆಯುವ ನಮ್ಮ ಕನ್ನಡಿಗರೂ ಕೈಯೆತ್ತಿ ಇದನ್ನು ಹೇಳುತ್ತಾರೆ. ಹೇಳುವಾಗ ರಿಸರ್ವ್‌ನ ಮಕ್ಕಳ ಮೊಕದ್ದಮೆ ಎಷ್ಟು ಜನರಿಗೆ ನೆನಪಾಗುತ್ತದೋ ಕಾಣೆ. ಹೊಸದಾಗಿ ಬಂದವರು ಆ ದೇಶದ ಸರ್ಕಾರದ ಜೊತೆ ಮಾತ್ರ ಕರಾರು ಮಾಡಿಕೊಳ್ಳುತ್ತಿಲ್ಲ ಎಂಬುದಾದರೂ ಅದರಿಂದ ತಿಳಿದರೆ ಒಳ್ಳೆಯದು.

2024ರ ಜುಲೈನಲ್ಲಿ ಸರ್ಕಾರ ಮಕ್ಕಳ ಕಲ್ಯಾಣ ವ್ಯವಸ್ಥೆಯನ್ನು ಹತ್ತು ವರ್ಷದಲ್ಲಿ ಸರಿಪಡಿಸಲು 4,780 ಕೋಟಿ ಡಾಲರಿನ ಪ್ರಸ್ತಾವ ಮುಂದಿಟ್ಟಿತು. ಅಕ್ಟೋಬರ್‌ನಲ್ಲಿ ಕ್ಯಾಲ್ಗರಿಯಲ್ಲಿ ಸೇರಿದ ಮೂಲನಿವಾಸಿ ಮುಖ್ಯಸ್ಥರು ಬಹುಮತದಿಂದ ಅದನ್ನು ತಿರಸ್ಕರಿಸಿದರು. ಇಷ್ಟು ದೊಡ್ಡ ಮೊತ್ತವನ್ನು ಬೇಡ ಎನ್ನುವುದು ಹೊರಗಿನವರಿಗೆ ಹಟದಂತೆ ಕಂಡಿತು. ಅವರೊಳಗೂ ಒಪ್ಪಿಕೊಳ್ಳೋಣ ಎಂದವರಿದ್ದರು. ವಿರೋಧಿಸಿದವರ ದೊಡ್ಡ ಅಳುಕು ಮೊತ್ತದ ಬಗ್ಗೆ ಇರಲಿಲ್ಲ. ಹತ್ತು ವರ್ಷ ಕಳೆದ ಮೇಲೆ ಏನು, ಒಪ್ಪಂದಕ್ಕೆ ಸಹಿ ಹಾಕಿದರೆ ಮಂಡಳಿಯ ಕಣ್ಗಾವಲು ಉಳಿಯುತ್ತದೆಯೇ, ನಾಳೆ ಮತ್ತೊಂದು ಸೂತ್ರ ಬಂದು ಮತ್ತೆ ಕಡಿಮೆಯಾದರೆ ಯಾರ ಮುಂದೆ ನಿಂತು ಕೇಳುವುದು ಎಂದು ಅವರು ಕೇಳಿದರು. 1927ರಲ್ಲಿ ವಕೀಲರ ಫೀಸಿಗೆ ವಂತಿಗೆ ಎತ್ತುವುದನ್ನೇ ಅಪರಾಧವೆಂದು ಕರೆಸಿಕೊಂಡವರ ಮೊಮ್ಮಕ್ಕಳು ಹಣಕ್ಕಿಂತ ಕೇಳುವ ಹಕ್ಕನ್ನು ಕೈಯಲ್ಲಿಟ್ಟುಕೊಳ್ಳಲು ಬಯಸಿದರೆ ಅದರಲ್ಲಿ ನನಗೆ ಹಟ ಕಾಣುವುದಿಲ್ಲ.